ಬೇವಿನ ಗಿಡದ ಬಲಗಡೆ

ಸರ್‌ರ್ ಎಂದು ಗರಸು ನೆಲದ ಮೇಲೆ ಕೋಲಿನ ಮೊನೆ ಎಳೆದ ಸದ್ದು. ಜತ್ತದಲ್ಲಿ ಬಸ್ಸು ನಿಲ್ಲುವ ಬಯಲಿನಲ್ಲಿ ಆ ಸದ್ದು ಕೇಳಿತೆಂದರೆ ಬಸ್ಸಿಗೆ ಇನ್ನೂ ಹೊತ್ತಿದೆ, ಹಮಾಲ ಭೀಮರಾಯ ಹೊಳೆ ಕೊರೆಯುತ್ತಿದ್ದಾನೆ ಎಂದೇ ಅರ್ಥ. ಗಂಟುಮೂಟೆಗಳ ಮೇಲೆ ಕುಳಿತವರು ಒಬ್ಬೊಬ್ಬರಾಗಿ ಎದ್ದು ಬರುತ್ತಿದ್ದರು.

ಒಂದು ಗೆರೆ ಹೋಗಿ ಎರಡಾಗುತ್ತಿತ್ತು. ಎರಡೂ ಬಯಲನ್ನು ಬಳಸಿಕೊಂಡು ಹೋಗಿ ಎತ್ತು ನೀರು ಕುಡಿಯುವ ತೊಟ್ಟಿಯ ಬಳಿ ಮತ್ತೆ ಒಂದಾಗುತ್ತಿದ್ದವು. ನಡುವೆ ಉಳಿದ ನೆಲವೇ ಶ್ರೀರಂಗಪಟ್ಟಣ.

“ನೀರಾಗ ಕಾಲಿಡಬ್ಯಾಡ್ರಿ ಯವ್ವಾ, ಸೆಳವು ಭಾಳ ಐತಿ. ಪೂಲಿನ ಮ್ಯಾಲಿಂದ ಬರ್ರಿ.”

ಅವನ ಪೂಲು, ಅಂದರೆ ಸೇತುವೆ, ಒಂದು ಚಪ್ಪಟೆ ಕಲ್ಲು. ನಗುತ್ತಲೇ ಎಲ್ಲರೂ ಅದನ್ನು ತುಳಿದು ಒಳಗೆ ಬರುತ್ತಿದ್ದರು. ಒಳಗೆ ಬಂದ ಮೇಲೆ ನಗು ತಾನಾಗಿ ಕಡಿಮೆಯಾಗುತ್ತಿತ್ತು.

ಭೀಮರಾಯ ಜತ್ತದ ಬಳಿಯ ಶೇಗಾಂವದವನು. ಹರೆಯದಲ್ಲಿ ಕಂಬಳಿ ವ್ಯಾಪಾರಿಯೊಬ್ಬನ ಬೆನ್ನು ಹತ್ತಿ ಮೈಸೂರು ಸೀಮೆಗೆ ಹೋದವನು ಆ ನಡುಗಡ್ಡೆಯ ಪಟ್ಟಣದಲ್ಲಿ ಇಳಿದು ಅಲ್ಲೇ ಉಳಿದ. ಕೋಟೆ ನೋಡಲು ಬಂದವರನ್ನು ಸುತ್ತಿಸುತ್ತಿದ್ದ ಮುದುಕನೊಬ್ಬನ ಹಿಂದೆ ನಡೆದು ನಡೆದು ಕತೆ ಕಲಿತ. ಮುದುಕ ತೀರಿಕೊಂಡ ಮೇಲೆ ಆ ಕಸುಬು ಇವನದಾಯಿತು. ಊರಿಗೆ ಬಂದು ಗೌರವ್ವನನ್ನು ಲಗ್ನವಾಗಿ ಕರೆದೊಯ್ದ. ಮಲಕವ್ವ ಹುಟ್ಟಿದಳು. ಕೂಸಿಗೆ ಮೂರು ತುಂಬಿದ ಮಳೆಗಾಲದಲ್ಲಿ ಚಳಿಜ್ವರ ತಾಯಿ ಮಗಳನ್ನು ಒಟ್ಟಿಗೆ ಹಿಡಿದು, ತಾಯಿಯನ್ನಷ್ಟೇ ಬಿಟ್ಟಿತು. ಗೌರವ್ವನಿಗೆ ಮೈಮೇಲೆ ಎಚ್ಚರವಿಲ್ಲದ ಒಂದು ಮಧ್ಯಾಹ್ನ ಭೀಮರಾಯ ಒಬ್ಬನೇ ಮಗಳನ್ನು ಹೆಗಲಿಗೆ ಹಾಕಿಕೊಂಡು ಹೊಳೆದಂಡೆಗೆ ಹೋಗಿ ಮಣ್ಣು ಕೊಟ್ಟು ಬಂದ. ಆ ಜಾಗ ಅವನೊಬ್ಬನಿಗೇ ಗೊತ್ತು.

ಜತ್ತದ ಸಂಸ್ಥಾನ ಮುಂಬಯಿ ರಾಜ್ಯದೊಳಗೆ ಸೇರಿಹೋದ ವರ್ಷ ಗಂಡಹೆಂಡತಿ ತಿರುಗಿ ಬಂದರು. ಪೇಟೆಯ ಹಿಂದೆ ಒಂದು ಖೋಲಿ ಹಿಡಿದರು. ಅವನು ಬಸ್ಸಿನ ಟಾಪಿನ ಮೇಲೆ ಗಂಟು ಏರಿಸಿದ, ಅವಳು ಅಡತಿ ಅಂಗಡಿಯಲ್ಲಿ ಕಾಳು ಹಸನು ಮಾಡಿದಳು. ಇಬ್ಬರ ನಡುವೆ ಹಿಟ್ಟಿನ ಮಾತು, ಎಣ್ಣೆಯ ಮಾತು ನಡೆಯುತ್ತಿತ್ತು. ಹೊಳೆಯ ಮಾತು ನಡೆಯುತ್ತಿರಲಿಲ್ಲ. ಪೇಟೆಯಿಂದ ಬರುವಾಗ ಗೌರವ್ವ ಬಸ್ಸಿನ ಬಯಲನ್ನು ಬಿಟ್ಟು ಸುತ್ತುದಾರಿ ಹಿಡಿಯುತ್ತಿದ್ದಳು.

ಮಂದಿ ಅವನನ್ನು ತಲೆ ಕೆಟ್ಟವನೆಂದರು, ಶೋಕಿಗೆ ಆಡುವ ಹೌಸಿನವನೆಂದರು. ಅವನಿಗೆ ಒಂದೇ ಭಯವಿತ್ತು: ಆ ಜಾಗ ಎಲ್ಲಿ ಮರೆತುಹೋದೀತೋ ಎಂದು. ಅದಕ್ಕೇ ದಿನವೂ ಹೊಳೆ ಕೊರೆಯುತ್ತಿದ್ದ.

“ಇಲ್ಲಿ ಒಡೆಯರ ಅರಮನಿ. ರಾಜರು ಗಾದೀ ಮ್ಯಾಲೆ ಇದ್ದರು, ಹುಕುಂ ಮಾತ್ರ ಬ್ಯಾರೇವರದು. ಸಿಪಾಯಿ ಆಗಿ ಬಂದ ಹೈದರ ನವಾಬ ಆದ.”

“ನಮ್ಮ ಸಂಸ್ಥಾನ ಯಾವ ಹೈದರ ತಗೊಂಡೋ?” ಎಂದು ಯಾರೋ ಕೆಣಕುತ್ತಿದ್ದರು.

“ನಮ್ಮದು ಕಾಗದದ ಮ್ಯಾಲೆ ಹೋತ್ರಿ. ಗುಂಡು ಹಾರಲಿಲ್ಲ. ಮುಂದ ಬರ್ರಿ.”

ಟಿಪ್ಪು ತನ್ನ ಇಬ್ಬರು ಗಂಡುಮಕ್ಕಳನ್ನು ಇಂಗ್ಲಿಷರ ಕೈಗೆ ಒತ್ತೆ ಕೊಟ್ಟದ್ದನ್ನು ಹೇಳುವಾಗ ಅವನ ದನಿ ತಗ್ಗುತ್ತಿತ್ತು. ಎಳೆಯ ಹುಡುಗರು, ಮೈತುಂಬ ಮುತ್ತು, ಕೋಟೆಯ ಬಾಗಿಲಿಂದ ಆನೆಯ ಮೇಲೆ ಹೊರಟದ್ದು. ಹೆಂಗಸರಲ್ಲಿ ಯಾರಾದರೂ ತಪ್ಪದೆ ಕೇಳುತ್ತಿದ್ದರು: “ತಿರುಗಿ ಬಂದ್ವೇನ್ರಿ ಅವು?”

“ಬಂದ್ವು ಯವ್ವಾ. ಅವು ಬಂದ್ವು.”

ಆಮೇಲೆ ಸುಲ್ತಾನ ಹೆಣಗಳ ರಾಶಿಯ ನಡುವೆ ಸಿಕ್ಕ ಜಾಗ. ಅಲ್ಲಿಗೆ ಕತೆ ಮುಗಿಯುವುದಕ್ಕೂ ಬಸ್ಸಿನ ಪೊಂಗಣಿ ಕೂಗುವುದಕ್ಕೂ ಸರಿಯಾಗುತ್ತಿತ್ತು. “ಓ ಟಿಪ್ಪೂನ ದಿವಾಣಸಾಹೇಬ್ರ, ರಾಜ್ಯ ಆಳಿದ್ದು ಸಾಕು, ಗಂಟು ಏರಸ್ರಿ!” ಎಂದು ಕಂಡಕ್ಟರ್ ಕೂಗುತ್ತಿದ್ದ. ಬಸ್ಸು ಹೋಗಿ ಧೂಳು ಇಳಿದ ಮೇಲೆ ಭೀಮರಾಯ ಒಬ್ಬನೇ ಬಯಲಿನ ಅಂಚಿಗೆ ಹೋಗಿ, ಬೇವಿನ ಗಿಡದ ಬಲಗಡೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ.

ಒಂದು ದಿನ ಉಟಗಿಯ ಧೂಳಪ್ಪ ಕಂಬಳಿಯ ದೊಡ್ಡ ಹೊರೆ ತಂದು ಇಳಿಸಿದ. ವಿಜಾಪುರಕ್ಕೆ ಬಸ್ಸು, ಅಲ್ಲಿಂದ ರೈಲು, ಮೈಸೂರಿನ ತನಕ ಹೋಗುವವನು. ಪೇಟೆಯಲ್ಲಿ ಅವನ ಬಾಯಿಂದಲೇ ಸುದ್ದಿ ಕೇಳಿದ ಗೌರವ್ವ, ಮೊರದಲ್ಲಿದ್ದ ಕಾಳನ್ನು ಹಾಗೆಯೇ ಬಿಟ್ಟು, ಖೋಲಿಗೆ ಹೋಗಿ ಸೆರಗಿನಲ್ಲಿ ಏನೋ ಕಟ್ಟಿಕೊಂಡು, ಮೊದಲ ಸಲ ಆ ಬಯಲಿಗೆ ಬಂದಳು.

“ಅಣ್ಣಾರ, ನಿಮ್ಮ ಗಾಡಿ ಆ ಊರಾಗ ನಿಂದರತೈತಂತ. ಒಂದೀಟು ಇಳೀತೀರೇನ್ರಿ?” ಸೆರಗಿನ ಗಂಟು ಬಿಚ್ಚಿ ವಿಭೂತಿ ಗಟ್ಟಿಯನ್ನು ಕೈಯಲ್ಲಿ ಹಿಡಿದಳು. “ಕೂಸಿಗೆ ಇಷ್ಟು ಹಚ್ಚಿ ಬರ್ರಿ. ಜಾಗಾ ಇವರು ಹೇಳ್ತಾರ.”

ಧೂಳಪ್ಪನ ದೊಡ್ಡ ಬಾಯಿ ಮೆತ್ತಗಾಯಿತು. “ಇಳೀತೀನಿ ತಂಗಿ, ಅದೇನ ದೊಡ್ಡ ಮಾತು. ಹೇಳಪಾ ಭೀಮರಾಯಾ. ಕತಿ ಹೇಳಬ್ಯಾಡ, ಹಾದಿ ಹೇಳು.”

ಭೀಮರಾಯ ಕೋಲು ಎತ್ತಿಕೊಂಡ. ಹೊಳೆ ಚೆನ್ನಾಗಿಯೇ ಕೊರೆದ. ಇಬ್ಬರನ್ನೂ ಪೂಲಿನ ಮೇಲಿಂದ ಕರೆತಂದ. ಗೌರವ್ವ ಕಲ್ಲನ್ನು ತುಳಿಯುವ ಮೊದಲು ಸೀರೆಯ ನೆರಿಗೆಯನ್ನು ತುಸು ಎತ್ತಿಕೊಂಡಳು, ಒದ್ದೆಯಾದೀತೆಂಬಂತೆ. ಅವನು ಅದನ್ನು ಕಂಡ.

“ಠೇಸನ್ ಬಿಟ್ಟು ಗುಡಿಯ ಗೋಪುರ ಎದುರಿಗೆ ಇಟಗೊಂಡು ಹೋಗು. ಗುಡಿ ದಾಟಿದ ಮ್ಯಾಲೆ ಕೋಟಿ ಗ್ವಾಡಿ ಹಿಡಕೊಂಡು ನಡಿ. ಗ್ವಾಡಿ ಬಿದ್ದಲ್ಲಿ ಹೊಳಿಗೆ ಇಳಿಯೂ ಹಾದಿ ಐತಿ.” ಹೇಳುತ್ತ ಅವನು ನಡೆದ, ಅವರು ಹಿಂದೆ ನಡೆದರು. “ಇಳದ ಮ್ಯಾಲೆ ಬೇವಿನ ಗಿಡ. ಅದರ ಬಲಗಡಿ, ಬೇರು ಮುಗಿಯೂವಲ್ಲಿ.”

ಕೋಲನ್ನು ಅಲ್ಲಿ ಊರಿದ.

ಗೌರವ್ವ ಗಿಡವನ್ನು ಬುಡದಿಂದ ತುದಿಯವರೆಗೆ ನೋಡಿದಳು. “ಆ ದಂಡಿಗೆ ನಾ ದಿನಾ ಅರಿವಿ ಒಗೀಲಿಕ್ಕೆ ಹೋಗತಿದ್ದೆ,” ಎಂದಳು ನಿಧಾನವಾಗಿ. “ಅಲ್ಲೆಲ್ಲೂ ಬೇವಿನ ಗಿಡ ಇರಲಿಲ್ಲಲ್ರಿ.”

“ಇತ್ತು.”

“ಇದು ನಮ್ಮ ಜತ್ತದ ಗಿಡ.”

ಭೀಮರಾಯ ಕಣ್ಣು ಮುಚ್ಚಿದ. ಗೋಪುರ ಬಂತು, ಗೋಡೆ ಬಂತು, ಹೆಗಲ ಮೇಲಿನ ಭಾರ ಬಂತು. ಇಳಿಯುವ ಹಾದಿಯೂ ಬಂತು. ಅದರಾಚೆ ಬೇವಿನ ಗಿಡ, ಕೊಂಬೆಗೆ ಕಂಡಕ್ಟರ್ ತೂಗುಹಾಕಿದ ಚೀಲ, ಕೆಳಗೆ ಗರಸು. ಆ ಹೊಳೆದಂಡೆಯಲ್ಲಿ ಗರಸಿರಲಿಲ್ಲ, ಅಗೆದ ಮಣ್ಣು ಕಪ್ಪಗಿತ್ತು, ಉಗುರೊಳಗೆ ನಿಂತಿತ್ತು. ಅಷ್ಟು ನೆನಪಾಯಿತು. ಅಲ್ಲಿದ್ದ ಮರ ಯಾವುದು? ಮರವಿತ್ತೇ? ಬಂಡೆಯೇ? ಮತ್ತೆ ಗೋಡೆಯಿಂದ ನಡೆದು ಬಂದ. ಮತ್ತೆ ಬೇವಿನ ಗಿಡವೇ ಬಂತು. ದಿನವೂ ಇಲ್ಲಿ ನಿಂತು ನಿಂತು, ಅಲ್ಲಿಯದರ ಮೇಲೆ ಇಲ್ಲಿಯದನ್ನು ಎಳೆದುಬಿಟ್ಟಿದ್ದ.

“ನನಗ ಆ ದಿವ್ಸ ಎಚ್ಚರ ಇರಲಿಲ್ಲ,” ಎಂದಳು ಗೌರವ್ವ. ಆಡಿಕೊಳ್ಳುವ ದನಿಯಲ್ಲ, ಬೇಡಿಕೊಳ್ಳುವ ದನಿ. “ನೀವ ಹೇಳಬೇಕು.”

ವಿಜಾಪುರದ ಬಸ್ಸಿನ ಪೊಂಗಣಿ ಕೂಗಿತು. “ದಿವಾಣಸಾಹೇಬ್ರ, ಗಂಟು!”

ಧೂಳಪ್ಪ ಅತ್ತ ನೋಡಿದ, ಇತ್ತ ನೋಡಿದ. “ಇರಲಿ ತಗೋ ಭೀಮಾ, ಅದಕ್ಯಾಕ ಅಷ್ಟು ಚಿಂತಿ ಮಾಡತಿ? ನನ್ನ ಕೈಯಾಗ ಕೊಡು ತಂಗಿ. ಹೊಳಿಗೆ ಬಿಡತೀನಿ. ಆ ನೀರು ದಂಡೀಗುಂಟ ಎಲ್ಲಾ ಕಡೆ ಮುಟ್ಟತೈತಿ, ಕೂಸು ಎಲ್ಲಿದ್ರೂ...”

ಗೌರವ್ವ ಕೈ ಮುಂದೆ ಮಾಡಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು.

“ಇಲ್ಲಾಂದ್ರ ಎಡಕ್ಕೋ ಬಲಕ್ಕೋ ಅಷ್ಟರ ಹೇಳು,” ಎಂದ ಧೂಳಪ್ಪ. “ಅಲ್ಲಿ ಯಾರನ್ನರ ಕೇಳಿಕೋತೀನಿ. ಹಳೇ ಮಂದಿ ಇದ್ದ ಇರತಾರ, ಒಬ್ಬರಿಗಲ್ಲ ಒಬ್ಬರಿಗೆ ನೆನಪು... ಏ ಭೀಮಾ, ನಿನಗ ಅನ್ನಾಕತ್ತೀನಿ...”

ಭೀಮರಾಯ ಕೋಲನ್ನು ಅಲ್ಲೇ ಬಿಟ್ಟು ಹೊರಟಿದ್ದ. ಬಸ್ಸಿನ ಕಡೆಗಲ್ಲ, ಕಂಬಳಿಯ ಹೊರೆಯ ಕಡೆಗೂ ಅಲ್ಲ. ಪೂಲು ಬಲಕ್ಕಿತ್ತು, ಅವನು ತಾನೇ ಕೊರೆದ ಹೊಳೆಯನ್ನು ನೇರ ತುಳಿದು ಆಚೆಗೆ ನಡೆದ.