ದೊಡ್ಡವ್ವ ಕೊಟ್ಟ ಕಾವು

ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದ ಮೇಲೆ ಅವ್ವನಿಗೆ ಗುಳಿಗೆ ನುಂಗಿದರೆ ವಾಂತಿಯಾಗುತ್ತಿತ್ತು. ಡಾಕ್ಟರು ಬೆನ್ನಿಗೆ ಒಂದು ಪಟ್ಟಿ ಅಂಟಿಸಿದರು. ಬೆಂಕಿಪೊಟ್ಟಣದಷ್ಟು ಅಗಲದ ತೆಳು ಪ್ಲಾಸ್ಟಿಕ್. ನೋವಿನ ಔಷಧ ಅದರಿಂದ ಚರ್ಮದೊಳಕ್ಕೆ ತಾನಾಗಿಯೇ, ನಿಧಾನಕ್ಕೆ ಇಳಿಯುತ್ತದಂತೆ.

"ಗರ್ಮೀ ಸೆ ಬಚಾನಾ," ಗರ್ಮಿ ತಾಗದಂತೆ ನೋಡಿಕೊಳ್ಳಿ, ಎಂದರು. ಮುಂಬೈಯಲ್ಲಿ ಗರ್ಮಿ ಎಂದರೆ ಬೆವರು ಸುರಿಸುವ ಹವೆ, ಅಷ್ಟೇ. ಕುರ್ಲಾದ ನಮ್ಮ ಚಾಳಿನ ಖೋಲಿಯಲ್ಲಿ ಅವ್ವನ ಹಾಸಿಗೆಯನ್ನು ಫ್ಯಾನಿನ ಕೆಳಗೆ ಎಳೆದು, ಡಾಕ್ಟರ ಮಾತು ನಡೆಸಿದೆವೆಂದು ಬೀಗಿದೆವು.

ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಆರೈಕೆಗೆಂದು ವಿಜಯಪುರದಿಂದ ಬಂದಿದ್ದಳು. ಯಾರಿಗೆ ಮೊಣಕಾಲು ನೋವೆಂದರೂ ಎಕ್ಕದ ಎಲೆ ಕಟ್ಟಿ, ಮೇಲೆ ಬಿಸಿ ಬಟ್ಟೆಯ ಕಾವು ಕೊಟ್ಟೇ ಬೆಳೆದ ಕೈ ಅವಳದು. ಪಟ್ಟಿ ನೋಡಿ ಮೂಗು ಮುರಿದಳು.

"ಬರೇ ಅಂಟಿಸಿದ್ರ ಏನ್ ಬಂತು? ಕಾವು ಕೊಟ್ರನ ಔಷಧ ಒಳಗ ಇಳೀತೈತಿ."

ನಾನು ಸಾಂತಾಕ್ರೂಜಿಗೆ ಕೆಲಸಕ್ಕೆ ಹೋದ ದಿನ ಮಧ್ಯಾಹ್ನವಿಡೀ ಹಂಚಿನ ಮೇಲೆ ಬಟ್ಟೆ ಕಾಯಿಸಿ ಪಟ್ಟಿಯ ಮೇಲೆ ಒತ್ತಿದ್ದಾಳೆ. ಇಳಿಯಿತು ಔಷಧ. ದಿನಗಟ್ಟಲೆ ಇಳಿಯಬೇಕಾದದ್ದು ಒಂದೇ ಹೊತ್ತಿಗೆ ನುಗ್ಗಿತು.

ನಾನು ಬಂದಾಗ ದೊಡ್ಡವ್ವ ತುಟಿಯ ಮೇಲೆ ಬೆರಳಿಟ್ಟಳು. "ಸಪ್ಪಳ ಮಾಡಬ್ಯಾಡ. ಎಷ್ಟ್ ಚಂದ ಮಲಗ್ಯಾಳ ನೋಡ."

ಅವ್ವನ ತುಟಿ ನೀಲಿಗಟ್ಟಿತ್ತು. ಉಸಿರು ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ನರ್ಸು ಪಟ್ಟಿ ಕಿತ್ತೆಸೆದಳು, ಡಾಕ್ಟರು ಔಷಧದ ಅಮಲು ಇಳಿಸುವ ಇಂಜೆಕ್ಷನ್ ಕೊಟ್ಟರು. "ಗರ್ಮೀ ಸೆ ಬಚಾನಾ ಬೋಲಾ ಥಾ ನಾ?" ಎಂದು ಅವರು ಸಿಡುಕಿದಾಗಲೇ ಆ ಗರ್ಮಿ ಯಾವುದೆಂದು ನಮಗೆ ತಿಳಿದದ್ದು.

"ತಂಗೀನ ಕೊಲ್ಲಾಕಂತ ಬಂದೀ ಏನ?" ಎಂದೆ ದೊಡ್ಡವ್ವನಿಗೆ, ಎಲ್ಲರೆದುರು. ಅವಳು ತನ್ನ ಅಂಗೈ ನೋಡಿಕೊಂಡಳು. ನನಗೆ ಕನಿಕರ ಬರಲಿಲ್ಲ. ಈಗಲೂ ಸುಳ್ಳು ಹೇಳಲಾರೆ, ಇನ್ನೂ ನಾಲ್ಕು ಅನ್ನಬೇಕೆನಿಸಿತ್ತು.

ಅಷ್ಟರಲ್ಲಿ ಅವ್ವ ಕಣ್ಣು ಬಿಟ್ಟಳು. ಆ ಇಂಜೆಕ್ಷನ್ ಉಸಿರಿನ ಜೊತೆ ನೋವನ್ನೂ ಪೂರ್ತಿ ವಾಪಸು ತಂದಿತ್ತು. ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಕಿರುಚಿದಳು. ನಾನು ಕೈ ಹಿಡಿಯಹೋದರೆ ಕೊಡವಿದಳು. ಅವಳ ಕಣ್ಣು ಬಾಗಿಲ ಬಳಿ ನಿಂತವಳನ್ನು ಹುಡುಕುತ್ತಿತ್ತು.

"ಅಕ್ಕಾ, ಬಾ ಇಲ್ಲಿ. ಇನ್ನೊಮ್ಮೆ ಕಾವು ಕೊಡ."

ದೊಡ್ಡವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.