ಗುತ್ಯಮ್ಮ ಕೊಟ್ಟ ಕರೆಂಟು

ಹೋದ ವರ್ಷ ಕಾರ್ತಿಕದಲ್ಲಿ ಒಂದು ಬೆಳಗ್ಗೆ, ಮೂವತ್ತೆಂಟು ಜನ ಕೂತಿದ್ದ ನನ್ನ ಬಸ್ಸಿನ ನೆತ್ತಿಯ ಮೇಲೆ ಬೆಂಕಿ ಹತ್ತಿತು. ಯಾರೂ ಹಚ್ಚಿದ್ದಲ್ಲ. ಬೀಡಿ ಇಲ್ಲ, ಕಿಡಿ ಇಲ್ಲ, ತಾನೇ ತಾನಾಗಿ ಹತ್ತಿತು. ಹತ್ತಿದ ವಸ್ತುವನ್ನು ಅಲ್ಲಿಗೆ ಏರಿಸಲು ಹೂಂ ಅಂದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಚಂದ್ರಗುತ್ತಿಯ ತಾಯಿ ರೇಣುಕಾಂಬೆಯ ಕೃಪೆಯ ಬಗ್ಗೆ ಅವಳನ್ನು ನಂಬಿದ ನಿಮಗೆ ಬರೆಯುವಾಗ, ನನ್ನ ತಪ್ಪನ್ನು ಮುಚ್ಚಿಟ್ಟರೆ ಬರೆದದ್ದಕ್ಕೆ ಬೆಲೆಯಿಲ್ಲ.

ನನ್ನ ಹೆಸರು ಮಾಲತೇಶ. ಸೊರಬ, ಶಿರಾಳಕೊಪ್ಪ, ಶಿಕಾರಿಪುರ ಮಾರ್ಗದಲ್ಲಿ ಖಾಸಗಿ ಬಸ್ಸು ಓಡಿಸಲು ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು. ನಮ್ಮದು ಕುರಿ ಸಾಕುವ ಮನೆ. ಹೆಂಡತಿ ಗಿರಿಜಾ ಉಳವಿಯವಳು. ಅವಳ ತಮ್ಮ ರವಿ ನನ್ನ ಬಸ್ಸಿಗೇ ಕಂಡಕ್ಟರ್. ಗಿರಿಜಾಳ ತವರಿನವರು ಮಾತಿಗೊಮ್ಮೆ "ಗುತ್ಯಮ್ಮಾ" ಅನ್ನುವವರು. ಚಂದ್ರಗುತ್ತಿಯ ತಾಯಿಯನ್ನು ನಮ್ಮ ಕಡೆ ಹಾಗೇ ಕರೆಯುವುದು. ನಾನೋ, ಅರ್ಧ ನಂಬುವವನು. ವರ್ಷಕ್ಕೊಮ್ಮೆ ಹೆಂಡತಿಯ ಜೊತೆ ಹೋಗಿ ಕೈಮುಗಿದು ಬರುತ್ತಿದ್ದೆ, ಅಷ್ಟೇ.

ಅವತ್ತು ನಸುಕಿನಲ್ಲಿ ಹಿಂಗಾರಿನ ಸಣ್ಣ ಮಳೆ ಬಿದ್ದು ನಿಂತಿತ್ತು. ಸೊರಬದಿಂದ ಹೊರಟು ಶಿರಾಳಕೊಪ್ಪಕ್ಕೆ ಬಂದರೆ ಸಂತೆಯ ದಿನ, ಕಾಲಿಡಲು ಜಾಗವಿಲ್ಲ. ಅಲ್ಲಿ ಒಬ್ಬರು ಮೂರು ತಗಡಿನ ಡ್ರಮ್ಮು ತಂದು ನಿಲ್ಲಿಸಿದರು.

"ಡ್ರೈವರ್ರೇ, ಶಿಕಾರಿಪುರದ ಈಚೆ ಆಲೆಮನೆಗೆ ಮುಟ್ಟಿಸ್ಬೇಕ್ರಿ. ಬರೇ ಪೌಡ್ರು, ಚೆಲ್ಲಂಗಿಲ್ಲ, ಏನಿಲ್ಲ."

ಏನು ಪೌಡರ್ ಅಂತ ನಾನು ಕೇಳಲಿಲ್ಲ. ಡ್ರಮ್ಮಿನ ಮೇಲೆ ಒಂದು ಚೌಕದ ಚೀಟಿ ಅಂಟಿಸಿತ್ತು, ಅದರಲ್ಲಿ ಬೆಂಕಿಯ ಚಿತ್ರವಿತ್ತು. ಅದನ್ನು ನೋಡಿಯೂ ನೋಡಲಿಲ್ಲ. ಬಸ್ಸಿನ ಮೇಲಿನ ಕ್ಯಾರಿಯರಿನಲ್ಲಿ ಬೆಳಗಿನ ಮಳೆಯ ನೀರು ಇನ್ನೂ ನಿಂತಿತ್ತು. ಹಮಾಲಿಯವರು ಅದರಲ್ಲೇ ಡ್ರಮ್ಮು ಮಲಗಿಸಿ ಹಗ್ಗ ಬಿಗಿದರು. ಒಂದರ ಮುಚ್ಚಳ ಜಜ್ಜಿಹೋಗಿತ್ತು ಎಂದು ರವಿ ಆಮೇಲೆ ಹೇಳಿದ. ಅಲ್ಲಿ ನಿಂತಾಗಲೇ ಅವನು ಒಂದು ಮಾತು ಅಂದಿದ್ದ: "ಭಾವಾ, ಇದು ಎಂತದು ಅಂತ ಕೇಳ್ಬೇಕಿತ್ತಲ್ಲಾ?" ನಾನು ಹಾರ್ನ್ ಹೊಡೆದು ಗಾಡಿ ತೆಗೆದೆ.

ಇಪ್ಪತ್ತು ನಿಮಿಷ ಆಗಿರಬಹುದು. ಹಿಂದಿನ ಸೀಟಿನಿಂದ ಕೆಮ್ಮು ಶುರುವಾಯಿತು. ಒಬ್ಬರಲ್ಲ, ನಾಲ್ಕೈದು ಜನ ಒಟ್ಟಿಗೇ. ಕನ್ನಡಿಯಲ್ಲಿ ನೋಡಿದರೆ ಬಸ್ಸಿನ ಹಿಂದೆ ಬಿಳಿ ಹೊಗೆ ಬಾಲದ ಹಾಗೆ ಎಳೆದುಕೊಂಡು ಬರುತ್ತಿದೆ. ಎಂಜಿನ್ ಅಂದುಕೊಂಡೆ. ಅಷ್ಟರಲ್ಲಿ ವಾಸನೆ ನನ್ನ ಮೂಗಿಗೂ ಬಡಿಯಿತು. ಸಾವಿರ ಬೆಂಕಿಕಡ್ಡಿ ಒಟ್ಟಿಗೆ ಗೀರಿದ ಹಾಗಿತ್ತು.

"ಭಾವಾ, ನಿಲ್ಸು! ಮೇಲೆ ಹೊಗೆ!" ರವಿ ಕೂಗಿದ.

ಬ್ರೇಕ್ ಒತ್ತಿದೆ. ನಿಂತ ಜಾಗವನ್ನು ಆಗ ನೋಡಿದೆ. ಎಡಕ್ಕೆ ಹೊಸ ಹುಲ್ಲಿನ ನಾಲ್ಕು ಬಣವೆ. ಅದರಾಚೆ, ಒಂದು ಕಲ್ಲೆಸೆತದ ದೂರದಲ್ಲಿ, ಸರ್ಕಾರಿ ಪ್ರಾಥಮಿಕ ಶಾಲೆ. ಮಕ್ಕಳು ಮಗ್ಗಿ ಹೇಳುವ ದನಿ ರಸ್ತೆಗೆ ಕೇಳುತ್ತಿತ್ತು. ಗಾಳಿ ಬಲದಿಂದ ಎಡಕ್ಕೆ, ನೇರ ಶಾಲೆಯ ಕಡೆಗೇ ಬೀಸುತ್ತಿತ್ತು. ಗಾಡಿ ಮುಂದಕ್ಕೆ ತೆಗೆಯೋಣವೆಂದರೆ ಇಳಿಯುವವರು ಎರಡೂ ಬಾಗಿಲಿನಲ್ಲಿ ಕಟ್ಟಿಕೊಂಡಿದ್ದಾರೆ.

ಎಲ್ಲರೂ ಇಳಿದರು ಅಂದುಕೊಂಡೆವು. ಆಗ ಒಬ್ಬ ಹೆಂಗಸು ಕಿರುಚಿದಳು: "ನಮ್ಮವ್ವ ಒಳಗೇ ಅದಾಳ್ರೀ! ಕಾಲಿಗೆ ಪಟ್ಟಿ ಹಾಕ್ಯಾರ, ಏಳಾಕ ಬರಂಗಿಲ್ಲ!"

ಕೊನೆಯ ಸೀಟಿನಲ್ಲಿ ಮುರಿದ ಕಾಲು ಚಾಚಿ ಕೂತಿದ್ದ ಮುದುಕಿ. ಒಳಗೆಲ್ಲ ಹೊಗೆ. ನಾನು ಹೆಜ್ಜೆ ಎತ್ತುವ ಮೊದಲೇ ರವಿ ಟವೆಲ್ ಮುಖಕ್ಕೆ ಸುತ್ತಿಕೊಂಡು ನುಗ್ಗಿಬಿಟ್ಟಿದ್ದ. ಹಿಂದಿನ ತುರ್ತು ಬಾಗಿಲು ಒದ್ದು ತೆರೆದ. ಕೂಸನ್ನು ಎತ್ತಿದ ಹಾಗೆ ಅಜ್ಜಿಯನ್ನು ಎತ್ತಿ ನನ್ನ ಕೈಗೆ ಕೊಟ್ಟ. ಕೆಳಗೆ ಜಿಗಿದು ಹತ್ತು ಹೆಜ್ಜೆ ನಡೆದು, ಕೆಮ್ಮುತ್ತಾ ಕೆಮ್ಮುತ್ತಾ ರಸ್ತೆಯ ಮೇಲೇ ಕುಸಿದ. ಅವನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ಹಿಂದೆಯೇ ಬರುತ್ತಿದ್ದ ಒಂದು ಓಮ್ನಿಯನ್ನು ತಡೆದು ಅವನನ್ನು ಮಲಗಿಸಿದೆವು. ಪ್ರಯಾಣಿಕರಲ್ಲಿ ಇಬ್ಬರು ಜೊತೆಗೆ ಹತ್ತಿ ಶಿಕಾರಿಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ನನಗೂ ಹೋಗಬೇಕೆನಿಸಿತು. ಶಾಲೆಯ ಕಡೆ ನೋಡಿದೆ. ಅಲ್ಲೇ ಉಳಿದೆ.

ಅಷ್ಟರಲ್ಲಿ ಬಸ್ಸಿನ ಮೇಲೆ ಜ್ವಾಲೆ ಕಂಡಿತು. ಯಾರೋ ಒಂದು ಬಕೆಟ್ ನೀರು ತಂದು ಎರಚಿದರು. ಭುಸ್ ಎಂದು ಎರಡಾಳು ಎತ್ತರ ಎದ್ದಿತು! ಎರಚಿದವರು ಮಗುಚಿ ಬಿದ್ದು ಓಡಿದರು. ಇನ್ನಿಬ್ಬರು ರಸ್ತೆ ಬದಿಯ ಮರಳನ್ನು ಬುಟ್ಟಿಯಲ್ಲಿ ತುಂಬಿ ತೂರಿದರು. ಮರಳಿನ ಅಡಿಯಿಂದಲೂ ಹೊಗೆ ಬುಸುಗುಟ್ಟಿತು. ಡೀಸೆಲ್ ಟ್ಯಾಂಕ್ ಅರ್ಧಕ್ಕಿಂತ ಹೆಚ್ಚು ತುಂಬಿತ್ತು.

ನಾನು 112ಕ್ಕೆ ಫೋನ್ ಮಾಡಿದೆ. ಅವರು ಶಿಕಾರಿಪುರದ ಅಗ್ನಿಶಾಮಕ ಠಾಣೆಗೆ ಕರೆ ಜೋಡಿಸಿದರು. ಠಾಣೆಯ ಸಾಹೇಬರು ಮೊದಲು ಕೇಳಿದ್ದೇ ಅದನ್ನು.

"ಡ್ರಮ್ಮಿನಾಗ ಏನೈತಿ?"

"ಗೊತ್ತಿಲ್ಲ ಸಾರ್. ಪೌಡ್ರು ಅಂದಿದ್ರು."

"ಗೊತ್ತಿಲ್ದೆ ಹೆಂಗ್ ಆರಿಸ್ಲೀರಿ? ಒಂದಕ್ಕೆ ನೀರು ಬೇಕು, ಇನ್ನೊಂದಕ್ಕೆ ನೀರು ಹಾಕಿದ್ರ ಊರೇ ಹೋಗ್ತೈತಿ! ಏನಾದ್ರೂ ಗುರುತು ಹೇಳ್ರಿ."

ಮಣ್ಣಿನ ಮೇಲೆ ಕೂರಿಸಿದ್ದ ಅಜ್ಜಿ ಅಲ್ಲಿಂದಲೇ ಕೈ ಎತ್ತಿದಳು. "ಯಪ್ಪಾ, ಅದು ಹೈಡ್ರೋಸು. ಬೆಲ್ಲ ಬೆಳ್ಳಗಾಗ್ಲಿ ಅಂತ ಕೊಪ್ಪರಿಗಿಗೆ ಹಾಕ್ತಾರಲ್ಲ, ಅದು. ಹದಿನೈದು ವರ್ಷ ಆಲೆಮನ್ಯಾಗ ದುಡದೀನಿ, ಈ ವಾಸ್ನಿ ನಾ ಮರೀತೀನೇನು?"

ಫೋನಿನಲ್ಲಿ ಸಾಹೇಬರಿಗೂ ಅದು ಕೇಳಿಸಿತು. ಅವರ ದನಿಯೇ ಬದಲಾಯಿತು. "ಹೈಡ್ರೋಸಾ? ಸರಿ, ಕೇಳ್ರಿ. ಅದು ಹಸಿಯಾದ್ರ ತಾನೇ ಕಾದು ಹತ್ತಿಕೊಳ್ತೈತಿ. ಅದು ಉರಿಯಾಕ ಗಾಳಿನೂ ಬ್ಯಾಡ, ಮರಳು ಮುಚ್ಚಿದ್ರ ಆರಂಗಿಲ್ಲ. ಬಕೆಟ್ ನೀರು ಹಾಕಿದ್ರ ಹೆಚ್ಚಾಗ್ತೈತಿ. ಹಾಕಿದ್ರ ಕೆರಿ ಒಡೆದಂಗ ಹಾಕ್ಬೇಕು, ನಿಲ್ಲಿಸ್ಬಾರ್ದು. ಇಲ್ಲಂದ್ರ ಮುಟ್ಟಬ್ಯಾಡ್ರಿ. ಆ ಹೊಗಿ ವಿಷ. ಮೊದಲು ಮಕ್ಕಳನ್ನ ಗಾಳಿ ಬರೋ ದಿಕ್ಕಿಗೆ ತೆಗೀರಿ, ಹೊಗಿ ಹಾದಿಗೆ ಅಡ್ಡ ಬರಬ್ಯಾಡ್ರಿ. ನಾವು ಹೊರಟೀವಿ, ಅರ್ಧ ಗಂಟಿ ಬೇಕು."

ಶಾಲೆಗೆ ಸುತ್ತು ಹಾದಿಯಲ್ಲಿ ಓಡಿದೆ. ಹೆಡ್ ಮೇಡಂ ಒಂದು ಮಾತೂ ಎದುರಾಡಲಿಲ್ಲ. ಮಕ್ಕಳನ್ನು ಸಾಲು ಮಾಡಿ ಹಿಂದಿನ ಬೇಲಿ ದಾಟಿಸತೊಡಗಿದರು. ಆದರೆ ಸಾಲು ಸಾಗುವುದು ನಿಧಾನ, ಅಂಗನವಾಡಿಯ ಕೂಸುಗಳೂ ಅಲ್ಲೇ ಇದ್ದವು. ಹೊಗೆ ಆಗಲೇ ಶಾಲೆಯ ಹೆಂಚಿಗೆ ತಾಗುತ್ತಿತ್ತು. ಮೊದಲ ಬಣವೆಯ ನೆತ್ತಿ ಕಂದುತ್ತಿತ್ತು.

ನಾನು ಮತ್ತೆ ರಸ್ತೆಗೆ ಓಡಿ ಬಂದೆ. ರಸ್ತೆಯ ಬಲಕ್ಕೆ, ಗಾಳಿ ಬರುವ ಕಡೆಗೆ, ಚಂದ್ರಪ್ಪ ಎಂಬ ರೈತರ ಶುಂಠಿ ಹೊಲ, ಅವರೂ ಬದುವಿನಲ್ಲೇ ನಿಂತಿದ್ದರು. ಅದರ ನಡುವೆ ಮೂರು ಕಾಲಿನ ಮೇಲೆ ನಿಂತಿತ್ತು ರೇನ್‌ಗನ್. ಶುಂಠಿಗೆ ದೂರದಿಂದ ಮಳೆ ಸುರಿದ ಹಾಗೆ ನೀರು ಹಾರಿಸುವ ದೊಡ್ಡ ಪಿಚಕಾರಿ ಅದು. ನೋಡಿದೊಡನೆ ನಾನು ಕೂಗಿದೆ.

"ಚಂದ್ರಪ್ಪಾರೇ, ಅದನ್ನ ಈಚೆ ತಿರುಗ್ಸೋಣ! ಬಸ್ಸಿನ ಮೇಲೆ ಬೀಳ್ತದಾ?"

"ಬೀಳ್ತದ್ರಿ, ಧಾರಾಳ ಬೀಳ್ತದ. ಬೋರ್‌ನಾಗ ನೀರೂ ಐತಿ." ಅವರು ಕೈ ಚೆಲ್ಲಿದರು. "ಕರೆಂಟ್ ಇಲ್ಲಲ್ರೀ! ಈ ವಾರ ಮೋಟ್ರಿನ ತ್ರೀ ಫೇಸ್ ಮಧ್ಯಾಹ್ನ ಎರಡಕ್ಕ ಕೊಡೋದು."

ಗಂಟೆ ಹನ್ನೊಂದೂವರೆ ಆಗಿತ್ತು.

ಆದರೂ ನಾವು ನಾಲ್ಕು ಜನ ರೇನ್‌ಗನ್ ಎತ್ತಿ ಬದುವಿನ ಹತ್ತಿರ ತಂದೆವು. ಮೂತಿ ಬಸ್ಸಿಗೆ ಹಿಡಿದು ಕಲ್ಲು ಹೇರಿ ಬಿಗಿದೆವು. ಚಂದ್ರಪ್ಪನವರು ಪೈಪು ಜೋಡಿಸಿದರು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಎಲ್ಲರನ್ನೂ ದೂರ ಕಳಿಸಿ ಚಂದ್ರಪ್ಪನವರೂ ನಾನೂ ಮೋಟಾರಿನ ಪೆಟ್ಟಿಗೆಯ ಹತ್ತಿರ ಹೋಗಿ ನಿಂತೆವು. ಆಗ ಫೋನು ಬಂತು, ಆಸ್ಪತ್ರೆಗೆ ಹೋಗಿದ್ದವರಿಂದ. "ಕಂಡಕ್ಟ್ರಿಗೆ ಉಸ್ರು ಹತ್ತವಲ್ದು. ಆಕ್ಸಿಜನ್ ಹಾಕ್ಯಾರ. ಶಿವಮೊಗ್ಗಕ್ಕ ಕರ್ಕೊಂಡು ಹೋಗ್ರಿ ಅಂತಾರ."

ನಾನು ಶುಂಠಿಯ ಏರುಮಡಿಯ ಮೇಲೆ ಮೊಣಕಾಲೂರಿದೆ. ಮಂತ್ರ ಬರುವುದಿಲ್ಲ ನನಗೆ. ಗಿರಿಜಾ ಕರೆಯುವ ಹಾಗೆ ಕರೆದೆ.

"ತಾಯಿ ಗುತ್ಯಮ್ಮಾ, ಏರಿಸಿಕೊಂಡವನು ನಾನು. ಶಿಕ್ಷೆ ಏನಿದ್ದರೂ ನನ್ನ ಮೇಲೆ ಹಾಕು. ಆ ಮಕ್ಕಳ ಕಡೆ ಹೋಗಬೇಡ ಅಂತ ಈ ಬೆಂಕಿಗೆ ನೀನೇ ಹೇಳು. ರವಿಯ ಉಸಿರು ನಿನ್ನ ಕೈಯಲ್ಲಿದೆ."

ಬಾಯಿಗೆ ಬಂದದ್ದು ಅಷ್ಟೇ. ಕಣ್ಣು ಬಿಟ್ಟೆ.

ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿತ್ತು.

ಒಂದು ಫೇಸಿನದ್ದಲ್ಲ. ಮೂರೂ! ಚಂದ್ರಪ್ಪನವರು "ಬಂತೂ! ಬಂತ್ರೀ ಕರೆಂಟು!" ಎಂದು ಕೂಗುತ್ತಾ ಹಸಿರು ಗುಂಡಿ ಒತ್ತಿದರು. ಮೋಟಾರು ಗುಂಯ್ ಅಂದಿತು. ಪೈಪು ಹಾವಿನ ಹಾಗೆ ಉಬ್ಬಿತು. ರೇನ್‌ಗನ್ ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ತೊಡೆ ದಪ್ಪದ ನೀರಿನ ಬಿಲ್ಲನ್ನು ಎಸೆದೇ ಬಿಟ್ಟಿತು. ಆ ನೀರು ಹೋಗಿ ಬಸ್ಸಿನ ನೆತ್ತಿಗೇ ಬಡಿಯಿತು!

ಮೊದಲ ಅರ್ಧ ನಿಮಿಷ ಎಲ್ಲ ತಿರುವುಮುರುವಾಯಿತು. ಬೆಂಕಿ ಆರುವ ಬದಲು ಮೇಲೆದ್ದಿತು. ಹಳದಿ ಮಿಶ್ರಿತ ಹೊಗೆಯ ಗೋಡೆಯೇ ಎದ್ದು ಬಸ್ಸು ಕಾಣದ ಹಾಗಾಯಿತು. "ಬಂದ್ ಮಾಡ್ಲೇನ್ರೀ?" ಚಂದ್ರಪ್ಪನವರ ಕೈ ಕೆಂಪು ಗುಂಡಿಯ ಮೇಲಿತ್ತು. ನಿಲ್ಲಿಸಬಾರದು ಎಂದ ಸಾಹೇಬರ ಮಾತು ನನ್ನ ಕಿವಿಯಲ್ಲೇ ಇತ್ತು. "ಬೇಡ! ಬಿಡಿ, ಹೊಡೀಲಿ!" ಅಂದೆ. ಹೊಡೆಯಿತು. ಹೊಡೆಯುತ್ತಲೇ ಇತ್ತು. ಮೆಲ್ಲಗೆ ಜ್ವಾಲೆ ಕುಗ್ಗಿತು. ಹೊಗೆ ತೆಳ್ಳಗಾಗಿ ಹಬೆಯಾಯಿತು. ಹಬೆಯ ನಡುವೆ ನನ್ನ ಬಸ್ಸಿನ ಮೂತಿ ಕಂಡಿತು.

ಅಗ್ನಿಶಾಮಕ ಗಾಡಿ ಬಂದಾಗ ಮಕ್ಕಳೆಲ್ಲ ಸುತ್ತುಬಳಸಿ ರಸ್ತೆಯ ಬಲಗಡೆಯ ದಿಣ್ಣೆ ಮುಟ್ಟಿದ್ದರು. ಬೆನ್ನಿಗೆ ಗಾಳಿಯ ಸಿಲಿಂಡರು, ಮುಖಕ್ಕೆ ಮುಖವಾಡ ಹಾಕಿದ ಸಿಬ್ಬಂದಿ ಹತ್ತಿರ ಹೋಗಿ, ಡ್ರಮ್ಮುಗಳ ಒಳಗೂ ನೀರು ತುಂಬಿಸಿ ಪೂರ್ತಿ ತಣ್ಣಗೆ ಮಾಡಿದರು. ಹರಿದ ನೀರು ಹಳ್ಳಕ್ಕೆ ಸೇರದಂತೆ ಮಣ್ಣಿನ ಕಟ್ಟೆ ಹಾಕಿಸಿದರು. ಬಸ್ಸಿನ ಹಿಂಭಾಗ ಸುಟ್ಟಿತ್ತು. ಡೀಸೆಲ್ ಟ್ಯಾಂಕಿಗೆ ಏನೂ ಆಗಿರಲಿಲ್ಲ. ಒಂದು ಬಣವೆಯ ತುದಿ ಮಾತ್ರ ಕಪ್ಪಾಗಿತ್ತು.

ಲೈನ್‌ಮನ್ ಮೋಟಾರ್ ಸೈಕಲ್ಲಿನಲ್ಲಿ ಬಂದರು. ಎರಡು ಗಂಟೆಯ ಕರೆಂಟು ಆಗಲೇ ಹೇಗೆ ಬಂತು ಎಂದು ನಾನು ಅವರ ಕೈ ಹಿಡಿದುಕೊಂಡು ಕೇಳಿದೆ. "ಬೆಳಗ್ಗೆಯಿಂದ ಲೈನ್ ರಿಪೇರಿ ಇತ್ತು ಕಣ್ರೀ. ಮುಗೀತು, ಸರಿ ಆಗೇತಾ ಅಂತ ಐದು ನಿಮಿಷ ಕರೆಂಟು ಬಿಟ್ಟು ನೋಡಿದ್ವಿ. ತೆಗೀಬೇಕು ಅನ್ನೋದ್ರಾಗ ಈ ಹೊಗೆ ಕಾಣ್ತು. ಯಾರಾದ್ರೂ ಮೋಟ್ರು ಹಾಕಿರ್ತಾರ ಅಂತ ಹಂಗೇ ಬಿಟ್ವಿ" ಅಂದರು. ಅವರು ಹೇಳಿದ್ದು ಸತ್ಯ. ಅವತ್ತೇ, ಆ ನಿಮಿಷಕ್ಕೇ ರಿಪೇರಿ ಮುಗಿಸಿದವರು ಯಾರು ಎಂಬುದು ನನಗೆ ಗೊತ್ತು.

ನಾನು ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗಿ, ಕೇಳದೆ ಹೇರಿಸಿಕೊಂಡೆ ಎಂದು ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟೆ. ರವಿಯನ್ನು ಆಗಲೇ ಶಿವಮೊಗ್ಗಕ್ಕೆ ಒಯ್ದಿದ್ದರು. ಸುದ್ದಿ ಕೇಳಿದ ಗಿರಿಜಾ ಶಿಕಾರಿಪುರದಿಂದ ಸಿಕ್ಕಿದ ಬಸ್ಸಿನಲ್ಲಿ ನಿಂತುಕೊಂಡೇ ಅಲ್ಲಿಗೆ ಹೋದಳು. ಸಂಜೆ ನಾನು ಹೋದಾಗ ವಾರ್ಡಿನ ಹೊರಗಿನ ಬೆಂಚಿನಲ್ಲಿ ಸೆರಗು ಕಚ್ಚಿಕೊಂಡು ಕೂತಿದ್ದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

"ಎರಡು ದಿನ ನೋಡ್ಬೇಕಂತೆ ಕಣ್ರೀ. ಶ್ವಾಸಕೋಶಕ್ಕೆ ನೀರು ತುಂಬ್ಕೊಳ್ಳೋ ಹಂಗಿದೆಯಂತೆ" ಅಂದಳು. ನನ್ನ ಕಡೆ ತಿರುಗಿ, "ನೀವು ಬೇಡ್ಕಂಡ್ರಾ?" ಎಂದು ಕೇಳಿದಳು.

"ಬೇಡ್ಕೊಂಡೆ."

"ಹಂಗಾರೆ ಹೆದ್ರಬೇಡಿ."

ಅವಳ ಆ ಧೈರ್ಯ ನನಗಿರಲಿಲ್ಲ. ಎರಡು ದಿನ ಎರಡು ಯುಗವಾಯಿತು. ಮೂರನೆಯ ಬೆಳಗ್ಗೆ ಡಾಕ್ಟರು ಆಕ್ಸಿಜನ್ ಮುಖವಾಡ ತೆಗೆದರು. ರವಿ ನಮ್ಮನ್ನು ನೋಡಿ, ಕರಕರ ಅನ್ನುವ ಗಂಟಲಿನಲ್ಲಿ ಕೇಳಿದ ಮೊದಲ ಮಾತು: "ಅಜ್ಜಿ ಹೆಂಗದೆ ಭಾವಾ?"

ಅಜ್ಜಿ ಚೆನ್ನಾಗಿದ್ದಳು. ನಾನು ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ.

ಕೇಸಾಯಿತು. ಮೂರು ತಿಂಗಳು ಲೈಸೆನ್ಸ್ ಅಮಾನತಿನಲ್ಲಿತ್ತು. ಆ ಮೂರು ತಿಂಗಳು ಅಂಬ್ಲಿಗೊಳದ ಕಡೆ ಕುರಿ ಹೊಡೆದುಕೊಂಡು ತಿರುಗಿದೆ. ಅದೂ ತಾಯಿ ಕೊಟ್ಟದ್ದೇ ಎಂದುಕೊಂಡೆ. ಶಿಕ್ಷೆ ನನ್ನ ಮೇಲೆ ಹಾಕು ಎಂದು ಕೇಳಿದವನು ನಾನೇ ತಾನೆ. ಈಗ ಮತ್ತೆ ಬಸ್ಸು ಓಡಿಸುತ್ತೇನೆ. ಯಾರು ಏನು ತಂದರೂ ಚೀಟಿ ಓದದೆ ಹತ್ತಿಸುವುದಿಲ್ಲ. ಭಕ್ತ ಬಂಧುಗಳೇ, ನೀವೂ ಕೇಳಿ, ಚೀಟಿ ಓದಿ. ಕಾಪಾಡುವವಳು ಇದ್ದಾಳೆಂದು ಕಣ್ಣು ಮುಚ್ಚಿ ನಡೆಯಬಾರದು.

ರವಿ ಮೊದಲಿನ ಹಾಗಾದ ಮೇಲೆ ಮೂವರೂ ಚಂದ್ರಗುತ್ತಿಗೆ ಹೋದೆವು. ಮೆಟ್ಟಿಲಲ್ಲಿ ಅವನು ಎರಡು ಕಡೆ ನಿಂತು ಉಸಿರು ತೆಗೆದುಕೊಂಡ. "ಹೊತ್ಕೊಂಡು ಹೋಗ್ಲೇನೋ?" ಅಂದೆ. "ಸಾಕು ಸುಮ್ನಿರು ಭಾವಾ" ಎಂದು ನಕ್ಕ. ಗುಹೆಯೊಳಗೆ ತಾಯಿಯ ಮುಂದೆ ನಿಂತಾಗ ಪೂಜಾರರು ತಟ್ಟೆ ಹಿಡಿದು, "ಯಾರ ಹೆಸರಿಗೆ ಅರ್ಚನೆ?" ಎಂದು ಕೇಳಿದರು.

"ಮೂವತ್ತೆಂಟು ಜನರ ಹೆಸರಿಗೆ" ಅಂದೆ. "ಆಮೇಲೆ ಒಂದು ಶಾಲೆ ಮಕ್ಕಳ ಹೆಸರಿಗೆ."

"ಹೆಸರು ಹೇಳಿ."

"ಒಂದೂ ಗೊತ್ತಿಲ್ಲ ಸ್ವಾಮೀ."

ಅವರು ಹೂವು ಕುಂಕುಮ ಕೈಗೆತ್ತಿಕೊಂಡು ತಾಯಿಯ ಕಡೆ ತಿರುಗಿದರು.

"ಅವಳಿಗೆ ಗೊತ್ತದೆ ಬಿಡಿ" ಅಂದರು.

ಉಧೋ ಗುತ್ಯಮ್ಮ.