ದೊರೆಸಾನಿಯ ಹಲಸಿನ ಮರಗಳು

ಅವರ ಎರಡು ಕಾಲಿಗೆ ಎರಡು ಬಣ್ಣದ ಗಂಬೂಟು. ಎಡಗಾಲಿನದು ಹಸಿರು, ಬಲಗಾಲಿನದು ಕಪ್ಪು. ಹಸಿರು ಜೋಡಿಯಲ್ಲಿ ಒಂದನ್ನು, ಕಪ್ಪು ಜೋಡಿಯಲ್ಲಿ ಒಂದನ್ನು ನಾಯಿ ಕಚ್ಚಿ ಹಾಳು ಮಾಡಿತ್ತಂತೆ. ಉಳಿದವು ಗಟ್ಟಿಯಾಗಿರುವಾಗ ಎಸೆಯುವುದೇಕೆ ಎಂಬುದು ಅವರ ವಾದ. ಕಪ್ಪು ಬೂಟು ಒಂದು ಸೈಜು ದೊಡ್ಡದು. ಹಾಗಾಗಿ ಅವರು ನಡೆದು ಬಂದರೆ ಒಂದು ಹೆಜ್ಜೆ ಸದ್ದಿಲ್ಲದೆ, ಮುಂದಿನದು ಪಚಕ್ ಎಂದು ಕೇಳುತ್ತಿತ್ತು. ಮಳೆಗಾಲದಲ್ಲಿ ಜಿಗಣೆ ಹತ್ತದಿರಲೆಂದು ಬೂಟಿನ ಬಾಯಿಗೆ ಉಪ್ಪು ಕಟ್ಟಿದ ಬಟ್ಟೆಯನ್ನು ಬೇರೆ ಸುತ್ತಿರುತ್ತಿದ್ದರು. ಆ ಸದ್ದು ನಮ್ಮ ಅಂಗಳದ ಕಡೆ ತಿರುಗಿತೆಂದರೆ ನನ್ನ ಗಂಡ ಹಿತ್ತಿಲ ಬಾಗಿಲಿಂದ ಕೊಟ್ಟಿಗೆಗೆ ಜಾರಿಕೊಳ್ಳುತ್ತಿದ್ದರು. ಹೋಗುವಾಗ ಮಾತ್ರ ನನ್ನ ಕಡೆ ಒಂದು ಮಾತು ಎಸೆಯುವುದನ್ನು ಮರೆಯುತ್ತಿರಲಿಲ್ಲ: "ನಿನ್ ದೊರೆಸಾನಿ ಬಂದ್ರು ನೋಡು."

ಅವರು ನನ್ನ ದೊರೆಸಾನಿ ಆದದ್ದು ಯಾವಾಗ, ಯಾರನ್ನು ಕೇಳಿ ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮದು ಶನಿವಾರಸಂತೆಯ ಆಚೆ, ಕಾಡಿನ ಅಂಚಿಗೆ ಬೆನ್ನು ಕೊಟ್ಟು ಕೂತಿರುವ ಸಣ್ಣ ಊರು. ನಾನು ಅಂಗನವಾಡಿ ಟೀಚರ್. ಪಿಯುಸಿವರೆಗೆ ಓದಿದ್ದೆ, ತಡವರಿಸಿಕೊಂಡಾದರೂ ಇಂಗ್ಲಿಷು ಬರುತ್ತಿತ್ತು. ಅಷ್ಟೇ ನಾನು ಮಾಡಿದ ತಪ್ಪು. ಅವರ ಗಂಡ ಮೈಸೂರಿನ ಕಡೆಯವರು, ಇಂಗ್ಲೆಂಡಿನಲ್ಲಿ ಡಾಕ್ಟರಾಗಿದ್ದರು. ನಿವೃತ್ತಿಯಾದ ಮೇಲೆ ನಮ್ಮ ಗದ್ದೆಗೆ ತಾಗಿಕೊಂಡ ಕಾಫಿ ತೋಟ, ಅದರೊಳಗಿನ ಹಂಚಿನ ಮನೆ ಕೊಂಡುಕೊಂಡು, ಇಂಗ್ಲೆಂಡಿನವರೇ ಆದ ಹೆಂಡತಿಯ ಜೊತೆ ಬಂದರು. ಪಾಪ, ಎರಡು ಮಳೆಗಾಲ ಕಾಣುವಷ್ಟರಲ್ಲಿ ತೀರಿಕೊಂಡರು. ತೋಟದ ಮೂಲೆಯಲ್ಲೇ ದಹನವಾಯಿತು. ಇನ್ನು ಈ ಹೆಂಗಸು ಗಂಟುಮೂಟೆ ಕಟ್ಟುತ್ತಾರೆ ಎಂದು ಊರೆಲ್ಲ ಅಂದುಕೊಂಡಿತು. ಅವರು ಇನ್ನೊಂದು ನಾಯಿ ತಂದು ಸಾಕಿಕೊಂಡರು.

ಅಲ್ಲಿಂದ ಶುರುವಾಯಿತು ನನ್ನ ಪಾಡು. ಅವರ ಬಗ್ಗೆ ಊರಿನವರ ದೂರೆಲ್ಲ ನನ್ನ ಜಗಲಿಗೆ ಬರತೊಡಗಿತು, ಊರಿನ ಬಗ್ಗೆ ಅವರ ದೂರೂ ಅಲ್ಲಿಗೇ ಬಂತು. ಪೈಪು ರಿಪೇರಿಯವನು ನಾಳೆ ಬೆಳಿಗ್ಗೆ ಬರ್ತೀನಿ ಎಂದರೆ ಇವರು ಬೆಳಗಿನಿಂದ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುವುದು. ಅವನು ಆ ವಾರದಲ್ಲಿ ಎಂದಾದರೂ ಬರುತ್ತಾನೆ ಎನ್ನುವುದು ಊರಿನ ಕೋಳಿಗೂ ಗೊತ್ತು, ಇವರಿಗೆ ಗೊತ್ತಿಲ್ಲ. ಸಂಜೆ ಕೆಂಪು ಮುಖ ಹೊತ್ತುಕೊಂಡು ಪಚಕ್ ಪಚಕ್ ಎಂದು ನಮ್ಮ ಮನೆಗೆ.

"ಟೀಚರ್, ಅವರು ಬರುವುದಿಲ್ಲ ಎಂದಾದರೆ ಬರುವುದಿಲ್ಲ ಎಂದು ಯಾಕೆ ಹೇಳುವುದಿಲ್ಲ?"

"ಮುಖಕ್ಕೆ ಹೊಡ್ದಂಗೆ ಹೆಂಗೆ ಹೇಳ್ತಾರೆ ಮೇಡಂ? ನಿಮಗೆ ಬೇಜಾರಾಗಲ್ವಾ?"

"ಈಗ ನನಗೆ ಸಂತೋಷವಾಗಿದೆಯೇ?"

ಅವರ ಕನ್ನಡ ಹೀಗೇ ಇತ್ತು. ಯಾವುದೋ ಪುಸ್ತಕ ಇಟ್ಟುಕೊಂಡು ಹಟ ಹಿಡಿದು ಕಲಿತದ್ದು. ನಾಯಿಗೂ ಬಹುವಚನ, ನಮ್ಮ ಕರುವಿಗೂ ಬಹುವಚನ. "ದಯವಿಟ್ಟು ನನ್ನ ಟೋಪಿಯನ್ನು ತಿನ್ನಬೇಡಿ" ಎಂದು ಕರುವಿಗೆ ಹೇಳುತ್ತಿದ್ದಾಗ ಅಂಗನವಾಡಿ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಅಷ್ಟು ಮರ್ಯಾದೆಯಿಂದ ಮಾತಾಡುವವರ ಬಾಯಿಂದಲೇ ಇನ್ನೊಂದು ಕಡೆ ಬೆಂಕಿಯಂಥ ಮಾತು ಬರುತ್ತಿತ್ತು. ನನ್ನ ನಾದಿನಿ ಮಗುವಿನ ನಾಮಕರಣಕ್ಕೆ ಕರೆಯಲು ಹೋದರೆ, "ತುಂಬಾ ಜನ ಇರುತ್ತಾರೆ, ನನಗೆ ಇಷ್ಟವಿಲ್ಲ. ಬರುವುದಿಲ್ಲ. ಕರೆದದ್ದಕ್ಕೆ ವಂದನೆಗಳು" ಎಂದು ನಗುತ್ತ ಹೇಳಿ ಕಳಿಸಿದರು. ನಾದಿನಿ ನನ್ನ ಜಗಲಿಯಲ್ಲಿ ಕೂತು ಅತ್ತಳು. ಬರ್ತೀನಿ ಎಂದು ಹೇಳಿ ಬರದೇ ಇದ್ದಿದ್ದರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ.

ಅವರ ಹಾಗೆಯೇ ಬಂದು ನೆಲೆಸಿದ ಇಂಗ್ಲಿಷಿನವರು ಕಕ್ಕಬೆ ಕಡೆ ಒಂದು ಜೋಡಿ, ಹಾರಂಗಿ ಹತ್ತಿರ ಒಬ್ಬರು ಮುದುಕರು ಇದ್ದರು. ಆಗಾಗ ಎಲ್ಲರೂ ದೊರೆಸಾನಿಯ ಮನೆಯಲ್ಲಿ ಊಟಕ್ಕೆ ಸೇರುತ್ತಿದ್ದರು. ಒಮ್ಮೆ ನನ್ನನ್ನೂ ಎಳೆದುಕೊಂಡು ಹೋದರು. ಸಪ್ಪೆ ಸಾರಿನಂಥದ್ದೇನನ್ನೋ ಕುಡಿಯುತ್ತ, ಇಲ್ಲಿ ಯಾರೂ ಹೇಳಿದ ಹೊತ್ತಿಗೆ ಬರುವುದಿಲ್ಲ, ಯಾರೂ ನೇರವಾಗಿ ಮಾತಾಡುವುದಿಲ್ಲ ಎಂದು ಮಧ್ಯಾಹ್ನವಿಡೀ ಮಾತಾಡಿಕೊಂಡರು. ವಾಪಸು ಬರುವಾಗ ನನಗೆ ರೇಗಿಹೋಯಿತು.

"ನಮ್ಮನ್ನ ಬೈಯೋದಿಕ್ಕೆ ನನ್ನನ್ನೇ ಯಾಕೆ ಕರ್ಕೊಂಡು ಹೋದ್ರಿ?"

"ತಪ್ಪು ಹೇಳಿದರೆ ನೀವು ತಿದ್ದಬೇಕಿತ್ತು. ನೀವು ಸುಮ್ಮನೆ ಕೂತಿರಿ" ಎಂದು ನನ್ನ ಮೇಲೇ ಹಾಕಿದರು.

ಇದೆಲ್ಲ ಸಹಿಸಬಹುದಿತ್ತು. ಸಹಿಸಲು ಆಗದ್ದು ಅವರ ತೋಟದ ಹಲಸಿನ ಮರಗಳು.

ಕಾಡಂಚಿನಲ್ಲಿ ಬದುಕುವವರಿಗೆ ಹಲಸು ಎಂದರೆ ಹೆದರಿಕೆ. ಹಣ್ಣಾದರೆ ಅದರ ವಾಸನೆಗೆ ಎಲ್ಲೆಲ್ಲಿಯ ಆನೆಗಳೂ ಇಳಿದು ಬರುತ್ತವೆ. ಅದಕ್ಕೇ ನಮ್ಮಲ್ಲಿ ಎಲ್ಲರೂ ಎಳೆಗಾಯಿ ಇರುವಾಗಲೇ ಹಲಸನ್ನು ಕಿತ್ತು ಖಾಲಿ ಮಾಡುತ್ತಾರೆ. ಪಲ್ಯ ಮಾಡುವಷ್ಟು ಮಾಡಿ, ದನಕ್ಕೆ ಹಾಕುವಷ್ಟು ಹಾಕಿ, ಮಿಕ್ಕಿದ್ದನ್ನು ಗುಂಡಿ ತೋಡಿ ಮುಚ್ಚುತ್ತಾರೆ. ಡಾಕ್ಟರು ಇರುವಷ್ಟು ದಿನ ಅವರ ತೋಟದಲ್ಲೂ ಹಾಗೇ ನಡೆದಿತ್ತು. ಅವರು ಹೋದ ಮೇಲೆ ದೊರೆಸಾನಿ ಕಾಯಿ ಕೀಳುವವರನ್ನು ಗೇಟಿನಿಂದಲೇ ವಾಪಸು ಕಳಿಸಿದರು. ನಾನು ಓಡಿ ಹೋದೆ.

"ಅದು ಅವುಗಳಿಗೆ ಸೇರಿದ್ದು ಟೀಚರ್. ಕಾಡನ್ನು ಕಿತ್ತುಕೊಂಡವರು ನಾವು. ಹಣ್ಣನ್ನಾದರೂ ಬಿಡೋಣ."

"ಮೇಡಂ, ಅವು ನಿಮ್ಮ ಹಣ್ಣು ತಿಂದು ಕೈ ತೊಳ್ಕೊಂಡು ಸೀದಾ ಮನೆಗೆ ಹೋಗಲ್ಲ. ಕೆಳಗೆ ನಮ್ಮ ಸಸಿಮಡಿ ಐತೆ."

"ನಿಮ್ಮ ಗದ್ದೆಯಲ್ಲಿ ಹಲಸು ಇಲ್ಲವಲ್ಲ. ಅವು ಅಲ್ಲಿಗೆ ಯಾಕೆ ಬರುತ್ತವೆ?"

ತಲೆ ಚಚ್ಚಿಕೊಂಡು ಬಂದೆ. ಸಸಿಮಡಿ ಎಂದರೆ ಏನು ಎನ್ನುವುದು ಅವರಿಗೆ ಗೊತ್ತಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಗದ್ದೆಯ ಒಂದು ಮೂಲೆಯಲ್ಲಿ ಭತ್ತ ಬಿತ್ತಿ ಸಸಿ ಎಬ್ಬಿಸುತ್ತೇವೆ. ಅದನ್ನು ಕಿತ್ತು ಇಡೀ ಗದ್ದೆಗೆ ನಾಟಿ ಮಾಡಬೇಕು. ಆ ಮೂಲೆ ಹೋಯಿತೆಂದರೆ ಮನೆಯ ವರ್ಷದ ಅನ್ನ ಹೋಯಿತು.

ಹಾಗೇ ಹೋಯಿತು. ಒಂದು ಬೆಳಿಗ್ಗೆ ನೋಡಿದರೆ ಬೇಲಿ ಮಲಗಿದೆ, ಸಸಿಮಡಿಯ ತುಂಬ ಬುಟ್ಟಿಯಗಲದ ಹೆಜ್ಜೆ, ಹೆಜ್ಜೆಯೊಳಗೆ ನೀರು, ನೀರಿನಲ್ಲಿ ನಮ್ಮ ಹಸಿರು ಸಸಿಗಳು. ಹಲಸಿನ ಬೀಜ ತುಂಬಿದ ಲದ್ದಿ ಬದುವಿನ ಮೇಲೆ ಸಾಕ್ಷಿಗೆ ಇಟ್ಟ ಹಾಗೆ ಬಿದ್ದಿತ್ತು. ನನ್ನ ಗಂಡ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಅಷ್ಟರಲ್ಲಿ ಪಚಕ್ ಪಚಕ್ ಎಂದು ಬಂದರು ನೋಡಿ. ನಿಂತು ಎಲ್ಲವನ್ನೂ ನೋಡಿದರು. ಮುಖ ಬಿಳಚಿಕೊಂಡಿತು.

"ಕ್ಷಮಿಸಿ" ಎಂದರು. ಮತ್ತೊಮ್ಮೆ ಸ್ಪಷ್ಟವಾಗಿ, ನನ್ನ ಗಂಡನ ಕಡೆ ತಿರುಗಿ, "ನನ್ನನ್ನು ಕ್ಷಮಿಸಿ."

"ನಿಮ್ಮ ಕ್ಷಮಿಸಿಯನ್ನ ನೆಟ್ರೆ ಪೈರು ಬರ್ತದಾ?" ಎಂದೆ. ಅದೇ ಕೊನೆ. ಅವತ್ತಿನಿಂದ ಮಾತು ಬಿಟ್ಟೆ.

ನಮ್ಮ ಕಡೆ ಮಾತು ಬಿಡುವುದೆಂದರೆ ಸಣ್ಣ ವಿಷಯವಲ್ಲ. ಎದುರಿಗೆ ಬಂದರೆ ಮುಖ ತಿರುಗಿಸಬೇಕು. ಮನೆಗೆ ಬಂದರೆ ಕಾಫಿ ಕೊಡಬಾರದು. ಬಂದವರಿಗೆ ಕಾಫಿ ಕೊಡಲಿಲ್ಲ ಎಂದರೆ ಕೊಡಗಿನಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ಎಂಥವರೂ ಎರಡನೇ ದಿನಕ್ಕೆ ಅರ್ಥ ಮಾಡಿಕೊಳ್ಳುತ್ತಾರೆ. ಮೂರನೆಯವರನ್ನು ಕಳಿಸಿ ರಾಜಿ ಮಾಡಿಸುತ್ತಾರೆ, ಇಲ್ಲವೇ ಅವರೂ ಮಾತು ಬಿಡುತ್ತಾರೆ.

ದೊರೆಸಾನಿ ಮಾರನೇ ದಿನ ಸಂಜೆ ಎಂದಿನಂತೆ ಬಂದು ಜಗಲಿಯ ಬೆಂಚಿನ ಮೇಲೆ ಕೂತರು. ನಾನು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. ಕಾಫಿ ಕೊಡಲಿಲ್ಲ. ಅವರು ಹಾಯಾಗಿ ಮಳೆ ನೋಡಿಕೊಂಡು ಕೂತಿದ್ದು ಎದ್ದು ಹೋದರು. ಅದರ ಮಾರನೇ ದಿನವೂ ಬಂದರು. ಮೂರನೇ ದಿನ ಬರುವಾಗ ಕೈಯಲ್ಲಿ ಒಂದು ಫ್ಲಾಸ್ಕು! ನನಗೆ ಕೆಲಸ ಜಾಸ್ತಿಯಾಗಿ ಕಾಫಿ ಮಾಡಲು ಪುರಸೊತ್ತಿಲ್ಲ ಎಂದು ಅಂದಾಜು ಮಾಡಿ, ತಾವೇ ಕಾಸಿಕೊಂಡು ತಂದಿದ್ದರು. ಒಂದು ಲೋಟ ನನ್ನ ಮುಂದೆಯೂ ಇಟ್ಟರು. ಸಕ್ಕರೆ ಇಲ್ಲ.

ಒಳಗೆ ನನ್ನ ಗಂಡ ಟವೆಲು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. "ನೀನು ಮಾತು ಬಿಟ್ಟಿದ್ದೀಯ ಅಂತ ಆ ಯಮ್ಮಂಗೆ ಗೊತ್ತೇ ಆಗಿಲ್ಲ ಕಣೇ!" ಬೆಳೆ ಹೋದವರೇ ನಗುತ್ತಿದ್ದಾರೆ, ನಾನು ಯಾರಿಗಾಗಿ ಸಿಟ್ಟು ಹಿಡಿದು ಕೂರುವುದು? ನಾವು ನೆಂಟರ ಮನೆಗಳಿಂದ ಮಿಕ್ಕ ಸಸಿಗಳನ್ನು ಬೇಡಿ ತಂದು ಅರ್ಧ ಗದ್ದೆ ನಾಟಿ ಮಾಡಿ, ಅರ್ಧ ಪಾಳು ಬಿಟ್ಟೆವು. ಪಾಳು ಬಿದ್ದ ಅರ್ಧವನ್ನು ನೋಡಿದಾಗಲೆಲ್ಲ ನನ್ನ ಸಿಟ್ಟು ಹೊಸದಾಗುತ್ತಿತ್ತು. ಆದರೆ ಎದುರಿನವರಿಗೆ ತಾಗದ ಸಿಟ್ಟನ್ನು ಎಷ್ಟು ದಿನ ಹೊರುವುದು? ನಾಟಿ ಮುಗಿದ ಮೇಲೆ ಒಂದು ಸಂಜೆ ನನ್ನ ತಾಳ್ಮೆ ಕಿತ್ತುಹೋಯಿತು. ಅಕ್ಕಿಯ ಮೊರವನ್ನು ಕುಕ್ಕಿ ಕೂಗಿದೆ.

"ಮೇಡಂ, ನಾನು ನಿಮ್ ಜೊತೆ ಮಾತು ಬಿಟ್ಟಿದ್ದೀನಿ!"

ಅವರು ಲೋಟ ಕೆಳಗಿಟ್ಟರು. "ಓ. ಯಾವಾಗಿನಿಂದ?"

"ಆನೆ ಬಂದಾಗಿಂದ!"

"ನನಗೆ ಹೇಳಬೇಕಿತ್ತಲ್ಲ. ನಾವಿಬ್ಬರೂ ಮಾತಿಲ್ಲದೆಯೂ ಜೊತೆಯಲ್ಲಿ ಕೂರುವಷ್ಟು ಸ್ನೇಹಿತರಾಗಿದ್ದೇವೆ ಎಂದುಕೊಂಡು ನಾನು ಸಂತೋಷವಾಗಿದ್ದೆ."

ಕ್ಷಮಿಸಿ ಎಂದು ಕೇಳಿದ ಮೇಲೆ ಆ ವಿಷಯ ಮುಗಿಯಿತು ಎಂದು ಅವರು ತಿಳಿದಿದ್ದರು. ಅವರ ಕಡೆ ಹಾಗಂತೆ. ನಮ್ಮ ಕಡೆ ಕ್ಷಮಿಸಿ ಎಂದು ಬಾಯಲ್ಲಿ ಯಾರೂ ಹೇಳುವುದಿಲ್ಲ, ಸರಿಮಾಡಿ ತೋರಿಸುತ್ತಾರೆ ಎಂದು ಹೇಳಿದೆ. ಅವರು ಪಾಳು ಗದ್ದೆಯ ಕಡೆ ತಿರುಗಿ ನೋಡಿದರು. ನಾನು ಎದ್ದು ಒಳಗೆ ಹೋಗಿ, ಸಕ್ಕರೆ ಹಾಕಿದ ಕಾಫಿ ತಂದುಕೊಟ್ಟೆ.

ಮುಂದಿನ ವರ್ಷ ಎಳೆಗಾಯಿ ಬಿಟ್ಟ ಹೊತ್ತಿಗೆ, ಯಾರೂ ಹೇಳುವ ಮೊದಲೇ, ಅಂಗಳದಲ್ಲಿ ಬೂಟಿನ ಸದ್ದು. ಕೈಯಲ್ಲಿ ಕಾಯಿ ಕೀಳುವ ದೋಟಿ. "ಬನ್ನಿ ಟೀಚರ್, ಪಾಪ ಮಾಡೋಣ" ಎಂದರು. ನನ್ನ ಗಂಡ ಮರ ಹತ್ತಿ ಕಾಯಿ ಕೆಡವಿದರು. ಬಿದ್ದ ಒಂದೊಂದು ಕಾಯಿಗೂ ದೊರೆಸಾನಿ, "ಇದು ಅನ್ಯಾಯ" ಎಂದು ಹೇಳುತ್ತಲೇ ಬುಟ್ಟಿಗೆ ಹಾಕಿದರು. ಗುಂಡಿಗೆ ಹಾಕಿ ಮುಚ್ಚಲು ಮಾತ್ರ ಬಿಡಲಿಲ್ಲ. ಮನೆಮನೆಗೂ ಹೊತ್ತುಕೊಂಡು ಹೋಗಿ ಕೊಟ್ಟರು. ಎಲ್ಲರ ಮನೆಯಲ್ಲೂ ಆಗಲೇ ಹಲಸಿನಕಾಯಿ ಸಾಕುಸಾಕಾಗಿರುತ್ತದೆ ಎನ್ನುವುದು ಅವರಿಗೆ ಹೊಳೆಯಲೇ ಇಲ್ಲ. ಬೇಡ ಎಂದು ಮುಖಕ್ಕೆ ಹೇಳುವ ಅಭ್ಯಾಸ ಊರಿಗೆ ಇಲ್ಲವಲ್ಲ, ಎಲ್ಲರೂ ತೆಗೆದುಕೊಂಡರು. ಆಮೇಲೆ ನನ್ನ ಜಗಲಿಗೆ ಬಂದು ದೂರಿದರು. ಪ್ರತಿ ವರ್ಷವೂ ಇದೇ ನಡೆಯಿತು. ಕೆಳಗಿನ ಗದ್ದೆ ಒಂದು ವರ್ಷವೂ ಪಾಳು ಬೀಳಲಿಲ್ಲ.

ಹೋದ ಮಳೆಗಾಲದಲ್ಲಿ ಅವರು ಇಳಿದುಹೋದರು. ಬೂಟು ಎರಡೂ ಕಾಲಿಗೆ ದೊಡ್ಡದಾಗಿ, ಎರಡೂ ಹೆಜ್ಜೆ ಪಚಕ್ ಎನ್ನತೊಡಗಿದವು. ಆಗಾಗ ಬಾಡಿಗೆ ಕಾರು ತರಿಸಿಕೊಂಡು ಮೈಸೂರಿಗೆ ಹೋಗಿ ಬರುತ್ತಿದ್ದರು. ಏನು ಮೇಡಂ, ಯಾಕೆ ಹಿಂಗಾಗಿದ್ದೀರಿ, ಡಾಕ್ಟರಿಗೆ ತೋರಿಸಿದ್ರಾ ಎಂದರೆ, "ನೋಡೋಣ" ಎನ್ನುವರು. ಮತ್ತೆ ಕೇಳಿದರೆ, "ಏನಿಲ್ಲ ಟೀಚರ್, ವಯಸ್ಸು" ಎನ್ನುವರು. ಮುಂದಿನ ಹಲಸಿಗೆ ಮೊದಲು ಹುಷಾರಾಗಿ ಎಂದರೆ, "ಬರುತ್ತೇನೆ, ಬರುತ್ತೇನೆ" ಎಂದು ನಗುವರು. ಸುಳ್ಳು ಹೇಳಲು ಬರದ ಹೆಂಗಸು ಎಂದು ನಾನು ನಂಬಿಬಿಟ್ಟೆ.

ಸಂಕ್ರಾಂತಿ ಕಳೆದ ಮೇಲೆ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಸುದ್ದಿ ಹೇಳಿದ್ದು ಆ ಕಾರಿನ ಡ್ರೈವರ್. ಇಂಗ್ಲೆಂಡಿನಿಂದ ಅವರ ತಂಗಿಯ ಮಗಳು ಬಂದಳು. ಡಾಕ್ಟರನ್ನು ಸುಟ್ಟ ಜಾಗದ ಪಕ್ಕದಲ್ಲೇ ಇವರನ್ನೂ ಸುಟ್ಟೆವು. ಜನ ತುಂಬಾ ಸೇರಿದ್ದರು, ಅವರಿಗೆ ಇಷ್ಟವಾಗುತ್ತಿರಲಿಲ್ಲ. ನನ್ನ ನಾದಿನಿಯೂ ಬಂದು ಅತ್ತಳು. ಮನೆಗೆ ಬೀಗ ಹಾಕಿ ಹೊರಡುವಾಗ ಆ ಹುಡುಗಿ ನನ್ನ ಕೈ ಹಿಡಿದುಕೊಂಡು, ಕಾಯಿಲೆ ಇದೆ ಎಂದು ಹೋದ ವರ್ಷವೇ ಗೊತ್ತಾಗಿತ್ತು, ನಿಮಗೆ ಹೇಳಿರಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ ಎಂದೆ. ಟೀಚರಿಗೆ ಹೇಗೆ ಹೇಳುವುದು, ಬೇಜಾರಾಗುತ್ತದೆ ಎನ್ನುತ್ತಿದ್ದರು ಎಂದಳು.

ನೋಡಿ. ನಮ್ಮ ಊರಿನಿಂದ ಏನನ್ನೂ ಕಲಿಯದವರು, ಬೈದರೂ ಬೇಡಿದರೂ ತಮ್ಮ ದಾರಿ ಬಿಡದವರು, ಕೊನೆಗೆ ಇದೊಂದನ್ನು ಕಲಿತು ನನ್ನ ಮೇಲೆಯೇ ಪ್ರಯೋಗ ಮಾಡಿ ಹೋದರು. ಹೇಳಿದ್ದರೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗುತ್ತಿದ್ದೆ. ಗಂಜಿ ಮಾಡಿಕೊಡುತ್ತಿದ್ದೆ. ಎರಡು ಮಾತು ಬೈಯುತ್ತಿದ್ದೆ. ಏನೂ ಮಾಡಲು ಬಿಡಲಿಲ್ಲ.

ಈ ವರ್ಷವೂ ಮರಗಳು ಬುಡದವರೆಗೆ ಕಾಯಿ ಬಿಟ್ಟಿವೆ. ನಿನ್ನೆ ನಾವೇ ಬೇಲಿ ದಾಟಿ ಹೋದೆವು. ಮರದ ಮೇಲಿಂದ ನನ್ನ ಗಂಡ, "ಏನಾದ್ರೂ ಮಾತಾಡೇ, ಹಿಂಗೆ ಸುಮ್ಕಿದ್ರೆ ಹೆಂಗೆ?" ಎಂದರು. ಮಾತಾಡಲಿಲ್ಲ. ದೊರೆಸಾನಿಯೊಂದಿಗೆ ಮಾತು ಬಿಟ್ಟಿದ್ದೇನೆ, ಅವರ ಮರದ ಕೆಳಗೆ ನಿಂತು ಏನು ಮಾತಾಡುವುದು? ಕಾಯಿಯನ್ನೆಲ್ಲ ಆರಿಸಿ ಬುಟ್ಟಿಗೆ ಹಾಕಿದೆ. ಗುಂಡಿ ತೋಡಲು ಗುದ್ದಲಿ ತಂದಿದ್ದೆವು, ತೋಡಲಿಲ್ಲ. ಬುಟ್ಟಿ ತಲೆಯ ಮೇಲೆ ಹೊತ್ತು ಮನೆಮನೆಗೂ ಹೋಗಿ ಕೊಟ್ಟು ಬಂದೆ. ಯಾರಿಗೂ ಬೇಕಿರಲಿಲ್ಲ, ಎಲ್ಲರೂ ತೆಗೆದುಕೊಂಡರು. ಸಂಜೆ ಜಗಲಿಯಲ್ಲಿ ಕೂತಾಗ ಅಭ್ಯಾಸಬಲದಿಂದ ಎರಡು ಲೋಟ ಕಾಫಿ ತಂದಿದ್ದೆ. ನಾನು ಸಿಟ್ಟು ಮಾಡಿಕೊಂಡಿರುವುದು ಈ ಸಲವೂ ಅವರಿಗೆ ಗೊತ್ತಾಗುವುದಿಲ್ಲ.